ಗಂಡಭೇರುಂಡವನ್ನು ಕಂಡು ನಗದವರು ಕೊಕ್ಕರೆ ಮುಖದ ಗುಮಾಸ್ತನನ್ನು ಕಂಡು ಏಕೆ ನಗುತ್ತಾರೆ?

ತುಂಗೆಯ ದಂಡೆ (ಶಿವಮೊಗ್ಗ) ಕೇಳಿದ ಪ್ರಶ್ನೆ:

ನಮ್ಮ ಊರಿನ ಚಿಕ್ಕ ಗ್ಯಾಲರಿಯೊಂದರಲ್ಲಿ, ಮನುಷ್ಯರೂ ಪ್ರಾಣಿಗಳೂ ಒಂದೇ ಮೈಯಲ್ಲಿ ಬೆರೆತಿರುವ ಶಿಲ್ಪ ಮತ್ತು ರೇಖಾಚಿತ್ರಗಳ ಪ್ರದರ್ಶನ ನಡೆಯುತ್ತಿದೆ. ಶಿಲ್ಪಗಳಲ್ಲಿ ಹೆಚ್ಚಿನವು ಸುಟ್ಟ ಜೇಡಿಮಣ್ಣಿನವು, ಒಂದು ಮೊಳಕ್ಕಿಂತ ಎತ್ತರವಿಲ್ಲ. ಕೆಲವು ದೊಡ್ಡ ಆಕೃತಿಗಳನ್ನು ಕಾಗದದ ಮುದ್ದೆಯಿಂದ ಮಾಡಿದ್ದಾರೆ. ಗೋಡೆಯ ಮೇಲಿರುವುದೆಲ್ಲ ಮಸಿಯ ಚಿತ್ರಗಳು. ಕೊಕ್ಕರೆಯ ತಲೆಯುಳ್ಳ ಗುಮಾಸ್ತನೊಬ್ಬ ಕಂಕುಳಲ್ಲಿ ಫೈಲು ಇರುಕಿಕೊಂಡು, ಮಡಿಚಿದ ಕೊಡೆಯನ್ನು ನೆಲಕ್ಕೆ ಊರಿ ಒಂಟಿಕಾಲಿನಲ್ಲಿ ನಿಂತಿದ್ದಾನೆ. ಎಮ್ಮೆಯ ಮುಖದ ಹೆಂಗಸೊಬ್ಬಳು ಬಸ್ಸಿನ ಸೀಟಿನಲ್ಲಿ ಕೈಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಾಳೆ. ಹಾಳೆಟೊಪ್ಪಿ ಹಾಕಿಕೊಂಡ ಕೆಂದಳಿಲು ಇದೆ, ಕಂಬಳಿಕೊಪ್ಪೆ ಹೊದ್ದ ಮುಸಿಯ (ಉದ್ದ ಬಾಲದ ದೊಡ್ಡ ಕೋತಿ) ಇದೆ. ಮಂಗಟ್ಟೆ ಹಕ್ಕಿಯ ತಲೆಯವನೊಬ್ಬ ಗೋಡೆಯ ಸೀಳಿನೊಳಕ್ಕೆ ಊಟದ ಕ್ಯಾರಿಯರ್ ತೂರಿಸುತ್ತಿರುವ ಚಿತ್ರವೊಂದಿದ್ದು, ಅದು ಮಾತ್ರ ನನಗೆ ಅರ್ಥವಾಗಲಿಲ್ಲ.

ನಾನು ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕ. ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದೊಯ್ಯುವ ಮೊದಲು ನೋಡಿ ಬರೋಣವೆಂದು ಸಹೋದ್ಯೋಗಿಯೊಬ್ಬರ ಜೊತೆ ಹೋಗಿದ್ದೆ. ಒಳಗಿದ್ದಷ್ಟು ಹೊತ್ತೂ ನಗುತ್ತಲೇ ಇದ್ದ ಅವರು ಹೊರಗೆ ಬಂದ ಮೇಲೆ, ಇದೆಲ್ಲ ಚೆನ್ನಾಗಿದೆ, ಆದರೆ ಕಾರ್ಟೂನು, ಕಲೆ ಎನ್ನುವುದಕ್ಕೆ ಇಲ್ಲಿ ಏನಿದೆ ಎಂದು ಕೇಳಿದರು. ನರಸಿಂಹ, ಗಣಪತಿ, ಗಂಡಭೇರುಂಡ ಇವೆಲ್ಲವೂ ಬೆರಕೆಯ ಆಕೃತಿಗಳೇ ಅಲ್ಲವೇ ಎಂದು ನಾನು ವಾದಿಸಿದೆ. ಅವನ್ನು ನೋಡಿ ಯಾರೂ ನಗುವುದಿಲ್ಲವಲ್ಲ ಎಂಬ ಉತ್ತರ ಬಂತು.

ಭಕ್ತಿ ಇರುವ ಕಡೆ ನಗೆ ಇರುವುದಿಲ್ಲ ಎಂದು ಹೇಳಿ ಮಾತು ಮುಗಿಸಬಹುದು. ಆದರೆ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಆನೆಯನ್ನು ಸಿಂಹ, ಸಿಂಹವನ್ನು ಶರಭವೆಂಬ ಪುರಾಣದ ಮೃಗ, ಶರಭವನ್ನು ಗಂಡಭೇರುಂಡ ಹಿಡಿಯುವ ಕೆತ್ತನೆಯಿದೆ. ಅದನ್ನು ಯಾರೂ ಪೂಜಿಸುವುದಿಲ್ಲ, ಆದರೂ ಅದು ನಗೆಯನ್ನು ತರಿಸುವುದಿಲ್ಲ. ಆದ್ದರಿಂದ ವ್ಯತ್ಯಾಸವು ನೋಡುವವರ ಮನಸ್ಸಿನಲ್ಲಷ್ಟೇ ಅಲ್ಲದೆ ಆಕೃತಿಯ ಒಳಗೂ ಎಲ್ಲೋ ಇರಬೇಕೆಂದು ನನಗೆ ತೋರುತ್ತದೆ. ಶಿಲ್ಪದ ಕೆಲಸ ಬಲ್ಲವರು, ನಮ್ಮ ಜಿಲ್ಲೆಯ ಹಳೆಯ ದೇವಾಲಯಗಳನ್ನು ನೋಡಿದವರು ತಿಳಿಸಿದರೆ ಮಕ್ಕಳಿಗೆ ವಿವರಿಸಲು ಅನುಕೂಲವಾಗುತ್ತದೆ.

ಬಳ್ಳಿಗಾವಿ ದಾರಿ (ಶಿಕಾರಿಪುರ) ಬರೆದ ಉತ್ತರ:

ಮೇಷ್ಟ್ರೇ, ನಿಮ್ಮ ಸಹೋದ್ಯೋಗಿಗಳ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ನಮ್ಮ ತಾಲ್ಲೂಕಿನಿಂದಲೇ ಆರಂಭಿಸುತ್ತೇನೆ. ರಾಜ್ಯದ ಲಾಂಛನದಲ್ಲಿಯೂ ಸಾರಿಗೆ ಸಂಸ್ಥೆಯ ಬಸ್ಸುಗಳ ಮೇಲೆಯೂ ನಾವು ದಿನವೂ ನೋಡುವ ಗಂಡಭೇರುಂಡ ಅಡಿಯಿಂದ ಮುಡಿಯವರೆಗೆ ಹಕ್ಕಿಯೇ. ಬಳ್ಳಿಗಾವಿಯಲ್ಲಿ 1047ರಲ್ಲಿ ಚಾಮುಂಡರಾಯರಸನು ನಿಲ್ಲಿಸಿದ ಭೇರುಂಡೇಶ್ವರ ಸ್ತಂಭದ ಗಂಡಭೇರುಂಡ ಹಾಗಿಲ್ಲ; ಅದಕ್ಕೆ ಇರುವುದು ಮನುಷ್ಯನ ಮೈ, ಅದರ ಮೇಲೆ ಹಕ್ಕಿಯ ಎರಡು ತಲೆ. ಕಂಬವೇ ಸುಮಾರು 30 ಅಡಿ ಎತ್ತರವಿದೆ. ನೀವು ಹೇಳಿದ ಕೊಕ್ಕರೆ ಗುಮಾಸ್ತನಿಗೂ ಇದಕ್ಕೂ ಅಂಗರಚನೆಯಲ್ಲಿ ವ್ಯತ್ಯಾಸವೇ ಇಲ್ಲ: ಕುತ್ತಿಗೆಯ ಕೆಳಗೆ ಮನುಷ್ಯ, ಮೇಲೆ ಹಕ್ಕಿ. ಆದರೂ ಒಂದನ್ನು ಕಂಡಾಗ ತಲೆಯೆತ್ತಿ ನಿಲ್ಲುತ್ತೇವೆ, ಇನ್ನೊಂದನ್ನು ಕಂಡಾಗ ಬಗ್ಗಿ ನೋಡಿ ನಗುತ್ತೇವೆ.

ನನ್ನ ತಿಳಿವಳಿಕೆಯ ಮಟ್ಟಿಗೆ ಉತ್ತರವು ಆ ಬೆರಕೆ ಏತಕ್ಕಾಗಿ ಆಗಿದೆ ಎಂಬಲ್ಲಿದೆ. ಪುರಾಣದಲ್ಲಿ ಬೆರಕೆಯ ಮೈಯಿಲ್ಲದೆ ಕಥೆ ಮುಂದೆ ಹೋಗುವುದೇ ಇಲ್ಲ. ಮನುಷ್ಯನಿಂದಲೂ ಮೃಗದಿಂದಲೂ ಸಾವಿಲ್ಲವೆಂಬ ವರ ಪಡೆದವನನ್ನು ಕೊಲ್ಲಬೇಕಾದರೆ ಎರಡೂ ಅಲ್ಲದ ಒಂದು ಮೈ ಬೇಕಾಗುತ್ತದೆ, ಆಗ ನರಸಿಂಹ ಬರುತ್ತಾನೆ. ನೀರಿನಲ್ಲಿ ಮುಳುಗಿದ ಭೂಮಿಯನ್ನು ಎತ್ತಲು ಕೋರೆಹಲ್ಲು ಬೇಕು, ಆಗ ವರಾಹ ಬರುತ್ತಾನೆ. ಕುದುರೆ ತಲೆಯ ದೈತ್ಯನನ್ನು ಕುದುರೆ ತಲೆಯವನೇ ಕೊಲ್ಲಬೇಕೆಂದು ಹಯಗ್ರೀವನ ಒಂದು ಕಥೆ ಹೇಳುತ್ತದೆ. ಮಲೆನಾಡಿನವರಿಗೆ ಇನ್ನೂ ಹತ್ತಿರದವನೆಂದರೆ ಋಷ್ಯಶೃಂಗ. ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿದ ಗುರುತಾಗಿ ಅವನಿಗೆ ಇರುವುದು ಒಂದು ಕೊಂಬು ಮಾತ್ರ, ಉಳಿದದ್ದೆಲ್ಲ ಮನುಷ್ಯನೇ. ಆದರೆ ಕಾಡಿನಲ್ಲೇ ಬೆಳೆದು, ಹೆಣ್ಣನ್ನು ಕಂಡೇ ಇಲ್ಲದ ಅವನು ಕಾಲಿಟ್ಟರೆ ಮಾತ್ರ ಅಂಗದೇಶಕ್ಕೆ ಮಳೆ. ಶೃಂಗೇರಿಯ ಬಳಿಯ ಕಿಗ್ಗದ ದೇವಾಲಯಕ್ಕೆ ಮಳೆಗಾಗಿ ಪ್ರಾರ್ಥಿಸಲು ಜನರು ಇಂದಿಗೂ ಹೋಗುತ್ತಾರೆ. ಇಂತಹ ಮೈಗಳಿಗೆ ಮಾಡಬೇಕಾದ ಕೆಲಸವೊಂದಿರುತ್ತದೆ, ಆ ಕೆಲಸವು ಮೈಯಷ್ಟೇ ದೊಡ್ಡದಾಗಿರುತ್ತದೆ.

ಗುಮಾಸ್ತನಿಗಾದರೋ ಫೈಲು ಹಿಡಿಯಲು ಕೊಕ್ಕಿನ ಅಗತ್ಯವಿಲ್ಲ. ಅಷ್ಟು ಅದ್ಭುತವಾದ ಮೈಯನ್ನು ಇಟ್ಟುಕೊಂಡು ಅವನು ಅಷ್ಟು ಸಾಧಾರಣವಾದ ಕೆಲಸ ಮಾಡುತ್ತಿದ್ದಾನೆ, ನಗೆ ಬರುವುದು ಅದರಿಂದ. ಆದರೆ ನಗೆ ಅಲ್ಲಿಗೇ ಮುಗಿದರೆ ಅದು ನಿಮ್ಮ ಸಹೋದ್ಯೋಗಿಗಳು ಹೇಳಿದ ಕಾರ್ಟೂನು. ಕೆರೆಯ ಅಂಚಿನಲ್ಲಿ ಅಲುಗಾಡದೆ ನಿಂತು ಮೀನಿಗಾಗಿ ಕಾಯುವ ಹಕ್ಕಿಯನ್ನೂ, ಮೇಜಿನ ಹಿಂದೆ ಕುಳಿತು ಎದುರಿನವರ ತಾಳ್ಮೆಯನ್ನು ಅಳೆಯುವ ನೌಕರನನ್ನೂ ನೋಡಿದವರಿಗೆ ಎರಡನೆಯ ನೋಟದಲ್ಲಿ ಬೇರೆಯೇನೋ ಕಾಣಿಸುತ್ತದೆ. ದೇವಾಲಯದ ಬೆರಕೆ ಒಂದು ತೊಡಕನ್ನು ಬಿಡಿಸುತ್ತದೆ. ಗ್ಯಾಲರಿಯ ಬೆರಕೆ ಒಂದು ಹೋಲಿಕೆಯನ್ನು ಬಯಲಿಗೆ ತರುತ್ತದೆ. ಹೋಲಿಕೆ ನಿಜವಾಗಿದ್ದರೆ ಕೃತಿ ನಿಲ್ಲುತ್ತದೆ, ಇಲ್ಲದಿದ್ದರೆ ಒಮ್ಮೆ ನಕ್ಕು ಮರೆತುಬಿಡುತ್ತೇವೆ.

ಒಂದು ಮಾತನ್ನು ಸೇರಿಸಲೇಬೇಕು. ಹಳೆಯ ಶಿಲ್ಪಿಗಳು ನಗಿಸಲಿಲ್ಲ ಎಂಬುದು ಪೂರ್ತಿ ನಿಜವಲ್ಲ. ಬಾದಾಮಿಯ ಮೊದಲನೆಯ ಗುಹೆಯಲ್ಲಿ ಕುಬ್ಜ ಗಣಗಳ ಸಾಲಿದೆ. ಅವುಗಳಲ್ಲಿ ಕೆಲವಕ್ಕೆ ದನದ ಮುಖ, ಕೆಲವಕ್ಕೆ ಕುದುರೆಯ ಮುಖ, ಎಲ್ಲವೂ ಹೊಟ್ಟೆ ಮುಂದೆ ಮಾಡಿಕೊಂಡು ಕುಣಿಯುತ್ತಿವೆ. ಆರನೆಯ ಶತಮಾನದ ಆ ಶಿಲ್ಪಿಗಳಿಗೆ ಹಾಸ್ಯ ಗೊತ್ತಿತ್ತು, ಆದರೆ ಅದಕ್ಕೆ ಅವರು ಕೊಟ್ಟ ಸ್ಥಳ ದೇವರ ಪಾದದ ಕೆಳಗಿನ ಪಟ್ಟಿಕೆ. ನಿಮ್ಮ ಪ್ರದರ್ಶನದ ಕಲಾವಿದರು ಆ ಪಟ್ಟಿಕೆಯವರನ್ನು ಪೀಠದ ಮೇಲೆ ಕೂರಿಸಿದ್ದಾರೆ. ಮಕ್ಕಳಿಗೆ ಗಂಡಭೇರುಂಡದ ಬದಲು ಈ ಗಣಗಳ ಚಿತ್ರವನ್ನು ಮೊದಲು ತೋರಿಸಿದರೆ ಸಂಬಂಧವನ್ನು ಅವರೇ ಗುರುತಿಸುತ್ತಾರೆ.

ಕೆಮ್ಮಣ್ಣು (ಸಾಗರ) ಬರೆದ ಉತ್ತರ:

ನಾನು ಮಣ್ಣಿನ ಕೆಲಸ ಮಾಡುವವನು, ಪ್ರದರ್ಶನವನ್ನೂ ನೋಡಿದ್ದೇನೆ. ಮೇಲಿನವರ ಮಾತು ಕಥೆಯ ಕಡೆಯಿಂದ ಸರಿಯಾಗಿದೆ. ಕೈಕೆಲಸದ ಕಡೆಯಿಂದ ನೋಡಿದರೆ ಎಲ್ಲವೂ ತೀರ್ಮಾನವಾಗುವುದು ಕುತ್ತಿಗೆಯಲ್ಲಿ.

ಎರಡು ಬೇರೆ ಪ್ರಾಣಿಗಳ ಮೈ ಸೇರುವ ಜಾಗವನ್ನು ಏನು ಮಾಡಬೇಕು ಎಂಬುದು ಇಂತಹ ಆಕೃತಿಯನ್ನು ಮಾಡುವ ಎಲ್ಲರಿಗೂ ಎದುರಾಗುವ ಪ್ರಶ್ನೆ. ನಮ್ಮ ದೇವಾಲಯದ ಶಿಲ್ಪಿಗಳು ಅಲ್ಲಿ ಹಾರ, ಕಂಠಿ, ಕೇಸರಗಳನ್ನು ತಂದು ಸೇರುವ ಗೆರೆಯನ್ನು ಮುಚ್ಚಿದರು. ಯಾವುದಾದರೂ ನರಸಿಂಹನ ವಿಗ್ರಹವನ್ನು ನೋಡಿ, ಸಿಂಹ ಎಲ್ಲಿ ಮುಗಿದು ಮನುಷ್ಯನ ಎದೆ ಎಲ್ಲಿ ಶುರುವಾಯಿತೆಂದು ಬೆರಳಿಟ್ಟು ತೋರಿಸುವುದು ಕಷ್ಟ. ಆಸ್ಟ್ರೇಲಿಯಾದ ಪೆಟ್ರೀಷಿಯಾ ಪಿಚ್ಚಿನೀನಿ ಎಂಬ ಕಲಾವಿದೆ ಗೆರೆಯನ್ನು ಮುಚ್ಚುವುದಿಲ್ಲ, ಅಳಿಸಿಬಿಡುತ್ತಾರೆ. 2003ರ ವೆನಿಸ್ ಬಿಯೆನ್ನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಆಸ್ಟ್ರೇಲಿಯಾವನ್ನು ಪ್ರತಿನಿಧಿಸಿದ ಅವರು ಸಿಲಿಕೋನ್ ಮತ್ತು ನಿಜವಾದ ಕೂದಲನ್ನು ಬಳಸಿ ಹಂದಿಯೂ ಮನುಷ್ಯಳೂ ಆಗಿರುವ ತಾಯಿಯೊಬ್ಬಳು ಮರಿಗಳಿಗೆ ಹಾಲೂಡಿಸುವ ಶಿಲ್ಪವನ್ನು ಮಾಡಿದ್ದಾರೆ; ಚರ್ಮದ ಸುಕ್ಕು, ರೋಮ, ಮಚ್ಚೆಗಳವರೆಗೆ ಎಲ್ಲವೂ ನಿಜದಂತಿದ್ದು, ಎಲ್ಲಿಯೂ ಸಂದು ಕಾಣದಿರುವುದರಿಂದ ಅದನ್ನು ನೋಡಿದಾಗ ನಗೆಗಿಂತ ಮೊದಲು ಒಂದು ಬಗೆಯ ಕಸಿವಿಸಿಯಾಗುತ್ತದೆ. ನಮ್ಮ ಗ್ಯಾಲರಿಯ ಕಲಾವಿದರು ಮೂರನೆಯ ದಾರಿ ಹಿಡಿದಿದ್ದಾರೆ. ಅವರು ಸಂದನ್ನು ಬೇಕೆಂದೇ ತೋರಿಸುತ್ತಾರೆ. ಗುಮಾಸ್ತನ ಅಂಗಿಯ ಕಾಲರಿನ ಗುಂಡಿ ಹಾಕಿದೆ, ಅದರಿಂದ ಕೊಕ್ಕರೆಯ ಕತ್ತು ನೇರವಾಗಿ ಮೇಲೆದ್ದಿದೆ. ಇದು ಬೆರಕೆ, ನಾನೇ ಸೇರಿಸಿದ್ದೇನೆ ಎಂದು ಶಿಲ್ಪ ಹೇಳುತ್ತಿರುವುದರಿಂದ ನಮಗೆ ಭಯವಾಗುವುದಿಲ್ಲ, ಆಟದಲ್ಲಿ ನಾವೂ ಸೇರಿಕೊಳ್ಳುತ್ತೇವೆ.

ಇನ್ನು ಮಣ್ಣಿನ ವಿಷಯ. ತಲೆಯನ್ನೂ ಮೈಯನ್ನೂ ಬೇರೆ ಬೇರೆಯಾಗಿ ಮಾಡಿ ಕೂಡಿಸಬೇಕಾದರೆ ಎರಡರಲ್ಲಿಯೂ ಒಂದೇ ಹದದ ತೇವವಿರಬೇಕು. ಎರಡು ಕಡೆಯೂ ಗೀರು ಹಾಕಿ, ಅದೇ ಮಣ್ಣಿನ ತೆಳು ಕೆಸರನ್ನು ಹಚ್ಚಿ ಒತ್ತಬೇಕು. ಒಂದು ಭಾಗ ಹೆಚ್ಚು ಒಣಗಿದ್ದರೆ, ಹಸಿಯಾಗಿರುವ ಭಾಗ ಆಮೇಲೆ ಕುಗ್ಗುವಾಗ ಸರಿಯಾಗಿ ಸಂದಿನಲ್ಲೇ ಬಿರುಕು ಬಿಡುತ್ತದೆ. ತಲೆ ಟೊಳ್ಳಾಗಿರಬೇಕು, ಗಾಳಿ ಹೋಗಲು ಎಲ್ಲಾದರೂ ಒಂದು ತೂತಿರಬೇಕು. ಈ ಕಲಾವಿದರು ಹೆಚ್ಚಿನ ಆಕೃತಿಗಳಲ್ಲಿ ಆ ತೂತನ್ನು ಮೂಗಿನ ಹೊಳ್ಳೆಯಲ್ಲೋ ಬಾಯಿಯಲ್ಲೋ ಅಡಗಿಸಿದ್ದಾರೆ. ಗೂಡಿನಲ್ಲಿ ಕಾವು 100 ಡಿಗ್ರಿ ದಾಟುವಾಗ ಒಳಗೆ ತೇವ ಉಳಿದಿದ್ದರೆ ಅದು ಹಬೆಯಾಗಿ ಆಕೃತಿಯನ್ನು ಸಿಡಿಸುತ್ತದೆ. 573 ಡಿಗ್ರಿಯ ಹತ್ತಿರ ಮಣ್ಣಿನೊಳಗಿನ ಬೆಣಚು ಒಮ್ಮೆಲೇ ಹಿಗ್ಗುತ್ತದೆ, ಆರುವಾಗ ಅದೇ ಹಂತದಲ್ಲಿ ಕುಗ್ಗುತ್ತದೆ, ಅವಸರ ಮಾಡಿದರೆ ಅಲ್ಲಿಯೂ ಸೀಳು ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ದಪ್ಪ ಮಣ್ಣನ್ನು ಪೂರ್ತಿ ಒಣಗಿಸುವುದು ಎಷ್ಟು ಕಷ್ಟವೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಗುಮಾಸ್ತನ ಒಂಟಿಕಾಲಿನ ಗುಟ್ಟನ್ನೂ ಹೇಳಿಬಿಡುತ್ತೇನೆ. ಅಷ್ಟು ತೆಳುವಾದ ಮಣ್ಣಿನ ಕಾಲು ಆ ಮೈಯನ್ನು ಹೊರಲಾರದು. ಒಳಗೆ ಕಬ್ಬಿಣದ ಸರಳಿಟ್ಟು ಸುಡುವಂತೆಯೂ ಇಲ್ಲ, ಏಕೆಂದರೆ ಮಣ್ಣು ಕುಗ್ಗುತ್ತದೆ, ಸರಳು ಕುಗ್ಗುವುದಿಲ್ಲ. ಆದ್ದರಿಂದ ಭಾರವೆಲ್ಲ ನೆಲಕ್ಕೆ ಊರಿದ ಕೊಡೆಯ ಮೂಲಕ ಇಳಿಯುತ್ತದೆ. ನೋಡುವವರು ಕೊಡೆಯನ್ನು ಹಾಸ್ಯಕ್ಕೆ ಇಟ್ಟದ್ದೆಂದು ತಿಳಿಯುತ್ತಾರೆ. ಕಾರ್ಟೂನಿಗೆ ಈ ತೊಂದರೆಯಿಲ್ಲ, ಕಾಗದದ ಮೇಲೆ ಯಾವ ಮೈಯೂ ಬೀಳುವುದಿಲ್ಲ. ಕಲೆ ಎನ್ನಲು ಏನಿದೆ ಎಂದು ಕೇಳಿದವರಿಗೆ ನಾನು ಕೊಡೆಯನ್ನು ತೋರಿಸುತ್ತೇನೆ.

ಕಾಗದದ ಮುದ್ದೆಯ ದೊಡ್ಡ ಆಕೃತಿಗಳು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಗಾತ್ರ ಹೆಚ್ಚಾದಂತೆ ಅವುಗಳ ತುಂಟತನ ಕಡಿಮೆಯಾಗಿದೆ. ಅಂಟಿನಲ್ಲಿ ಮೈಲುತುತ್ತವನ್ನು ಸೇರಿಸಿದ್ದಾರೋ ಇಲ್ಲವೋ ಎಂಬ ಚಿಂತೆಯೂ ಕಾಡಿತು, ಇಲ್ಲವಾದರೆ ಒಂದು ಆಷಾಢದಲ್ಲಿ ಬೂಷ್ಟು ಹಿಡಿಯುವುದು ಖಂಡಿತ.

ಮನುಷ್ಯನು ಇಂತಹ ಆಕೃತಿಗಳನ್ನು ಮಾಡುತ್ತಿರುವುದು ದೇವಾಲಯಗಳಿಗಿಂತ ಬಹಳ ಹಿಂದಿನಿಂದ. ಜರ್ಮನಿಯ ಹೋಲೆನ್‌ಸ್ಟೈನ್ ಸ್ಟಾಡೆಲ್ ಗುಹೆಯಲ್ಲಿ 1939ರಲ್ಲಿ ಚೂರುಚೂರಾಗಿ ಸಿಕ್ಕಿದ ಸಿಂಹಮಾನವ ಸುಮಾರು 40,000 ವರ್ಷ ಹಳೆಯದು. ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ, 31 ಸೆಂಟಿಮೀಟರ್ ಎತ್ತರದ ಆಕೃತಿ. ಗಾತ್ರದಲ್ಲಿ ಹೆಚ್ಚುಕಡಿಮೆ ನಮ್ಮ ಗುಮಾಸ್ತನಷ್ಟೇ ಇದೆ.

ತೋಟದ ಮನೆ (ತೀರ್ಥಹಳ್ಳಿ) ಬರೆದ ಉತ್ತರ:

ಇಬ್ಬರೂ ಮನುಷ್ಯನ ಅರ್ಧದ ಬಗ್ಗೆಯೇ ಮಾತನಾಡಿದ್ದೀರಿ. ಪ್ರಾಣಿಯ ಅರ್ಧವನ್ನು ಯಾರೂ ವಿಚಾರಿಸಿಕೊಂಡಂತಿಲ್ಲ. ಹೋಲಿಕೆ ನಿಜವಾಗಿದ್ದರೆ ಕೃತಿ ನಿಲ್ಲುತ್ತದೆ ಎಂಬ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಹೋಲಿಕೆ ನಿಜವಾಗಬೇಕಾದರೆ ಕಲಾವಿದರು ಪ್ರಾಣಿಯನ್ನು ನೋಡಿರಬೇಕು.

ಕಂಬಳಿಕೊಪ್ಪೆ ಹೊದ್ದ ಮುಸಿಯನನ್ನೇ ತೆಗೆದುಕೊಳ್ಳಿ. ಮುಸಿಯನ ಮುಖ ಕಪ್ಪು. ಇಲ್ಲಿರುವುದಕ್ಕೆ ಕೆಂಪು ಮುಖ, ನೆತ್ತಿಯ ಮೇಲೆ ಸುಳಿಯಾಗಿ ಹರಡಿದ ಟೊಪ್ಪಿಯಂತಹ ಕೂದಲು. ಇವು ತೋಟಕ್ಕೆ ನುಗ್ಗುವ ಸಾಮಾನ್ಯ ಮಂಗನ ಲಕ್ಷಣಗಳು. ಬಾಲ ಮಾತ್ರ ಮುಸಿಯನದು. ಮನುಷ್ಯ ಮತ್ತು ಮುಸಿಯ ಬೆರೆಯಬೇಕಾದ ಕಡೆ ಎರಡು ಜಾತಿಯ ಮಂಗಗಳು ಬೆರೆತಿವೆ, ಅದು ಕಲಾವಿದರ ಉದ್ದೇಶವೆಂದು ನನಗೆ ಅನ್ನಿಸಲಿಲ್ಲ. ಬೆಂಗಳೂರಿನಲ್ಲಿ ಇದನ್ನು ಯಾರೂ ಗಮನಿಸದಿರಬಹುದು. ಬಾಳೆ, ಏಲಕ್ಕಿ, ಎಳೆ ಅಡಕೆಯನ್ನು ಇವುಗಳ ಕೈಗೆ ಕೊಟ್ಟು ಕೂತಿರುವ ನಮ್ಮ ಕಡೆಯವರು ಗಮನಿಸುತ್ತಾರೆ.

ಮಂಗನನ್ನು ಮುದ್ದಾಗಿ ತೋರಿಸುವುದರ ಬಗ್ಗೆಯೂ ನನಗೆ ಸ್ವಲ್ಪ ಹಿಂಜರಿಕೆಯಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದಾಗಲೇ ಮಂಗನ ಕಾಯಿಲೆ ಪತ್ತೆಯಾದದ್ದು. ಒಂದೇ ವೈರಸ್ಸು, ಒಂದೇ ಉಣುಗು, ಕಚ್ಚಿಸಿಕೊಳ್ಳುವವರು ಮಾತ್ರ ಅವು ಮತ್ತು ನಾವು. ಮಲೆನಾಡಿನಲ್ಲಿ ಮನುಷ್ಯನ ಮೈಗೂ ಮಂಗನ ಮೈಗೂ ನಡುವಿನ ಗೆರೆ ಎಷ್ಟು ತೆಳುವಾಗಿದೆ ಎಂಬುದನ್ನು ಹೇಳಲು ಇದಕ್ಕಿಂತ ಗಟ್ಟಿಯಾದ ವಿಷಯ ಸಿಗಲಾರದು, ಆದರೆ ಆ ಶಿಲ್ಪದಲ್ಲಿ ಅದರ ಸುಳಿವೂ ಇಲ್ಲ. ಕೊಪ್ಪೆ ಹೊದಿಸಿದ ಮಾತ್ರಕ್ಕೆ ಮಂಗ ಮಲೆನಾಡಿನದಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಮಂಗಟ್ಟೆಯ ಚಿತ್ರವನ್ನು ಹೊಗಳದಿದ್ದರೆ ಅನ್ಯಾಯವಾಗುತ್ತದೆ. ಮೇಷ್ಟ್ರಿಗೆ ಅರ್ಥವಾಗದ ಆ ಚಿತ್ರವೇ ಇಡೀ ಪ್ರದರ್ಶನದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಹೆಣ್ಣು ಮಂಗಟ್ಟೆ ಮೊಟ್ಟೆಯಿಡುವ ಕಾಲಕ್ಕೆ ಮರದ ಪೊಟರೆಯೊಳಗೆ ಸೇರಿ, ತನ್ನ ಹಿಕ್ಕೆ ಮುಂತಾದವುಗಳಿಂದ ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಒಂದು ಸೀಳನ್ನು ಮಾತ್ರ ಬಿಟ್ಟುಕೊಳ್ಳುತ್ತದೆ. ಅಲ್ಲಿಂದ ಮುಂದೆ ವಾರಗಟ್ಟಲೆ ಗಂಡು ಹಕ್ಕಿ ಹಣ್ಣು ತಂದು ಆ ಸೀಳಿನಿಂದ ಉಣಿಸಬೇಕು. ಗಂಡಿಗೆ ಏನಾದರೂ ಆದರೆ ಒಳಗಿನವುಗಳ ಗತಿ ಕಷ್ಟ. ಈಗ ಇನ್ನೊಮ್ಮೆ ಹೋಗಿ ನೋಡಿ: ಕ್ಯಾರಿಯರ್ ಹಿಡಿದವನ ಭುಜ ಬಾಗಿದೆ, ಚಪ್ಪಲಿ ಸವೆದಿದೆ, ಗೋಡೆಯ ಆಚೆ ಯಾರಿದ್ದಾರೆಂದು ಚಿತ್ರ ತೋರಿಸುವುದಿಲ್ಲ. ಹೆರಿಗೆ ವಾರ್ಡಿನ ಹೊರಗೆ ಸಂಜೆ ಹೊತ್ತು ನಿಂತಿರುವ ಗಂಡಸರ ಮುಖ ಅದು. ಹಕ್ಕಿಯನ್ನು ಬಲ್ಲವರು ಮಾತ್ರ ಬರೆಯಬಹುದಾದ ಚಿತ್ರ. ಎಮ್ಮೆ ಹೆಂಗಸಿನ ಕಿವಿಗಳೂ ಸರಿಯಾಗಿವೆ, ಕೊಂಬಿನ ಕೆಳಗೆ ಅಡ್ಡಕ್ಕೆ ಜೋತುಬಿದ್ದಿವೆ. ಆ ಕಿವಿಗಳಿಂದಲೇ ಅವಳ ಸುಸ್ತು ತಿಳಿಯುತ್ತದೆ.

ತುಂಗೆಯ ದಂಡೆ (ಶಿವಮೊಗ್ಗ) ಮತ್ತೆ ಬರೆದದ್ದು:

ಮೂವರಿಗೂ ಕೃತಜ್ಞತೆಗಳು. ಮಂಗಟ್ಟೆಯ ವಿವರವನ್ನು ಸಹೋದ್ಯೋಗಿಗಳಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಕ್ಕಿಯ ಸಂಗತಿ ತಿಳಿಯದವರಿಗೆ ಚಿತ್ರ ಏನನ್ನೂ ಹೇಳದಿದ್ದರೆ ಅದು ಚಿತ್ರದ ಕೊರತೆಯಲ್ಲವೇ ಎಂದು ಹೊಸ ತಕರಾರು ತೆಗೆದಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಪ್ರಹ್ಲಾದನ ಕಥೆ ತಿಳಿಯದ ಪರದೇಶದವರಿಗೆ ನರಸಿಂಹನೂ ಅಷ್ಟೇ ಅಲ್ಲವೇ? ಕಥೆಯ ಜಾಗದಲ್ಲಿ ಇಲ್ಲಿ ಕಾಡು ಇದೆ, ಅಷ್ಟೇ.

ಮಕ್ಕಳನ್ನು ಕರೆದೊಯ್ಯುವುದೆಂದು ತೀರ್ಮಾನಿಸಿದ್ದೇನೆ. ಮೊದಲೇ ಇಷ್ಟೆಲ್ಲ ವಿವರಿಸಿಬಿಟ್ಟರೆ ಅವರು ನಗುವುದನ್ನೇ ಮರೆತಾರೆಂಬ ಅಳುಕಿದೆ. ನೋಡಿ ಬಂದ ಮೇಲೆ ತರಗತಿಯಲ್ಲಿ ಮಾಡಿಸಬಹುದಾದ ಅಭ್ಯಾಸವೇನಾದರೂ ಇದ್ದರೆ ಕೆಮ್ಮಣ್ಣು ಅವರು ಸೂಚಿಸಬೇಕು. ಮಣ್ಣಿನ ಕೆಲಸಕ್ಕೆ ನಮ್ಮ ಶಾಲೆಯಲ್ಲಿ ಸೌಲಭ್ಯವಿಲ್ಲ, ಕಾಗದ ಪೆನ್ಸಿಲ್ ಮಾತ್ರ ಇವೆ.

ಕೆಮ್ಮಣ್ಣು (ಸಾಗರ) ಬರೆದ ಉತ್ತರ:

ಮೊದಲು ಏನನ್ನೂ ಹೇಳಬೇಡಿ, ನಗಲಿ. ಪ್ರತಿಯೊಬ್ಬರೂ ತಮಗೆ ಇಷ್ಟವಾದ ಒಂದು ಆಕೃತಿಯ ಕುತ್ತಿಗೆಯನ್ನು ಮಾತ್ರ ಪುಸ್ತಕದಲ್ಲಿ ಬರೆದುಕೊಂಡು ಬರಲಿ, ತಲೆಯೂ ಬೇಡ, ಮೈಯೂ ಬೇಡ. ತೋಟದ ಮನೆಯವರು ಹೇಳಿದ ಮಂಗನ ತಪ್ಪನ್ನು ಮಕ್ಕಳಲ್ಲಿ ಯಾರಾದರೂ ತಾವಾಗಿಯೇ ಹಿಡಿಯುತ್ತಾರೋ ನೋಡಿ. ಹಳ್ಳಿಯಿಂದ ಬರುವ ಮಕ್ಕಳು ಹಿಡಿದೇ ಹಿಡಿಯುತ್ತಾರೆ.

ತರಗತಿಗೆ ಒಂದು ಆಟವಿದೆ. 1925ರ ಸುಮಾರಿಗೆ ಪ್ಯಾರಿಸ್ಸಿನ ಸರ್ರಿಯಲಿಸ್ಟ್ (ಕನಸಿನಂತಹ ವಿಚಿತ್ರ ಚಿತ್ರಗಳನ್ನು ಬರೆಯುವ ಪಂಥದ) ಕಲಾವಿದರು ಆಡುತ್ತಿದ್ದದ್ದು, ಈಗ ಎಲ್ಲ ಕಡೆ ಮಕ್ಕಳು ಆಡುತ್ತಾರೆ. ಒಂದು ಹಾಳೆಯನ್ನು ಅಡ್ಡಕ್ಕೆ ಮೂರು ಮಡಿಕೆ ಮಾಡಬೇಕು. ಮೊದಲನೆಯವರು ಮೇಲಿನ ಭಾಗದಲ್ಲಿ ಒಂದು ತಲೆ ಬರೆದು, ಅದು ಕಾಣದಂತೆ ಮಡಿಚಿ ಪಕ್ಕದವರಿಗೆ ಕೊಡುತ್ತಾರೆ. ಎರಡನೆಯವರು ಎದೆ, ಹೊಟ್ಟೆ, ಕೈಗಳನ್ನು ಬರೆಯುತ್ತಾರೆ. ಮೂರನೆಯವರು ಕಾಲು, ಬಾಲ ಇತ್ಯಾದಿ. ಬಿಡಿಸಿ ನೋಡಿದಾಗ ಯಾರೂ ಊಹಿಸದ ಪ್ರಾಣಿ ಇರುತ್ತದೆ. ನಿಮ್ಮ ತರಗತಿಗಾಗಿ ಒಂದು ನಿಯಮವನ್ನು ಸೇರಿಸಿಕೊಳ್ಳಿ: ತಲೆ ಬರೆಯುವವರು ತಾವು ಕಣ್ಣಾರೆ ಕಂಡ ಪ್ರಾಣಿಯನ್ನೇ ಬರೆಯಬೇಕು, ಎದೆ ಮತ್ತು ಕೈ ಬರೆಯುವವರು ತಮ್ಮ ಊರಿನಲ್ಲಿ ಯಾರಾದರೂ ನಿಜವಾಗಿ ಮಾಡುವ ಕೆಲಸವನ್ನು ಆ ಕೈಗಳಿಗೆ ಕೊಡಬೇಕು. ಹಾಳೆ ಸಾಧಾರಣ ಡ್ರಾಯಿಂಗ್ ಹಾಳೆಯೇ ಸಾಕು, ತೆಳುವಾದದ್ದು ಬೇಡ, ಹಿಂದಿನ ಚಿತ್ರ ಮಸುಕಾಗಿ ಕಾಣಿಸಿದರೆ ಆಟ ಕೆಡುತ್ತದೆ. ಪ್ರತಿಯೊಬ್ಬರೂ ತಮ್ಮ ಗೆರೆಗಳನ್ನು ಮಡಿಕೆಯಿಂದ ಅರ್ಧ ಬೆರಳಿನಷ್ಟು ಕೆಳಗೆ ಎಳೆದು ಬಿಡುವಂತೆ ಮೊದಲೇ ತಿಳಿಸಿರಿ, ಮುಂದಿನವರಿಗೆ ಕುತ್ತಿಗೆ ಎಲ್ಲಿ ಕೂಡಿಸಬೇಕೆಂದು ಗೊತ್ತಾಗುವುದು ಅದರಿಂದಲೇ.